ಬೆಣ್ಣೆ ಗುಂಡು

ಅಕ್ಟೋಬರ್ 9, ಭಾನುವಾರ

ಇವತ್ತೂ ಬಂದೂಕಿನ ಗುಂಡಿಗೆ ಸೀಸ ಕರಗಿಸಿದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ನನ್ನ ಗಂಡ ಸುಲೋನ ಚರ್ಮದ ಕೈಗವಸು ಹಾಕ್ಕೊಂಡು. ಮೊದಲು ಬಂದ ಗುಂಡೆಲ್ಲಾ ಹಾಳು. ಅಚ್ಚು ಕಾದಿರಲಿಲ್ಲ, ಮೈಯೆಲ್ಲಾ ಸುಕ್ಕು. ಮೊದಲ ಪ್ಯಾನ್‌ಕೇಕು ಯಾವತ್ತೂ ಕೆಡೋದೇ. ಮತ್ತೆ ಪಾತ್ರೆಗೇ ಹಾಕಿದೆ.

ಹಳೇ ನೀರಿನ ಪೈಪಿನ ಸೀಸ ಮೂರು ಪಾಲು, ಟೈರ್ ಅಂಗಡೀಲಿ ಸಿಗೋ ಗಟ್ಟಿ ಸೀಸ ಒಂದು ಪಾಲು, ಚೂರು ತವರ. ಸುಲೋ ಹೀಗೇ ಬೆರೆಸ್ತಿದ್ದ. ಅಚ್ಚಿಂದ ಬಿದ್ದ ಗುಂಡನ್ನ ಹಳೇ ಟವೆಲ್ ಮೇಲೆ ಬೀಳಿಸ್ತಿದ್ದ, ತಾನಾಗೇ ಆರಲಿ ಅಂತ. ಅವನಣ್ಣ ಆರ್ವಿಡ್ ಬಕೆಟ್ ನೀರಿಗೇ ಬೀಳಿಸೋದು. ಚುಯ್ ಅಂತ ತಣ್ಣಗಾಗಿ ಕಲ್ಲಿನಷ್ಟು ಗಟ್ಟಿ ಆಗುತ್ತೆ. ಉಗುರಲ್ಲಿ ಗೀರಿದ್ರೆ ಉಗುರೇ ಮುರೀಬೇಕು.

ಸುಲೋನ ಅಚ್ಚಿನಲ್ಲಿ ಒಂದು ಕಡೆ ಗೀರು ಇದೆ. ಒಮ್ಮೆ ಕೈಜಾರಿ ಸಿಮೆಂಟಿನ ಮೇಲೆ ಬಿದ್ದದ್ದು. ಅದರಲ್ಲಿ ಹುಟ್ಟಿದ ಪ್ರತಿ ಗುಂಡಿನ ಬುಡದಲ್ಲೂ ಸಣ್ಣ ಮಚ್ಚೆ. ಹೊಸ ಅಚ್ಚು ತಗೋ ಅಂದ್ರೆ, ಮಕ್ಕಳ ಮೈಮೇಲೆ ಮಚ್ಚೆ ಇದ್ರೆ ಹೊಸ ಮಕ್ಕಳು ತರ್ತೀಯಾ ಅಂತಿದ್ದ. ನಮಗೆ ಮಕ್ಕಳೇ ಆಗಲಿಲ್ಲ. ಅದನ್ನೂ ನಗ್ತಾ ಹೇಳೋನು, ದರಿದ್ರದವನು.

ಕೈ ಎರಡು ಸಲ ತೊಳೆದೆ. ನಾಳೆ ಶಾಲೆ ಅಡುಗೆಮನೆ. ಮಕ್ಕಳಿಗೆ ಮೆಕರೋನಿ.

ಅಕ್ಟೋಬರ್ 16

ಜಲ್ಲಿಕಲ್ಲಿನ ಕ್ವಾರಿಗೆ ಹೋಗಿದ್ದೆ. ಕಾಡಲ್ಲಿರೋ ಬೇಟೆ ಕ್ಯಾಂಪಿನವರೆಲ್ಲಾ ಗುರಿ ನೋಡೋ ದಿನ. ಆರ್ವಿಡ್, ಅವನ ಅಳಿಯ ರಸೆಲ್, ಮುದುಕ ಓನ್ನಿ. 

ಆರ್ವಿಡ್‌ನ ಗುಂಡು ಕಾಗದದ ಮೇಲೆ ಒಂದರ ಪಕ್ಕ ಒಂದು ಬಿತ್ತು, ಸುಳ್ಳು ಹೇಳಬಾರದು. ನನ್ನದು ಊಟದ ತಟ್ಟೆ ಅಗಲ ಚೆಲ್ಲಿತು.

"ಏನಮ್ಮಾ ಸೈಮಾ, ಜಿಂಕೆ ಹೊಡೀತೀಯೋ, ಇಲ್ಲಾ ಅದಕ್ಕೆ ಬೆಣ್ಣೆ ಹಚ್ಚೋಕೆ ಹೊರಟಿದೀಯೋ?" ಅಂದ ಆರ್ವಿಡ್. ನನ್ನದೊಂದು ಗುಂಡು ತಗೊಂಡು ಉಗುರಲ್ಲಿ ಗೀರಿ ಎಲ್ಲರಿಗೂ ತೋರಿಸಿದ. "ನೋಡ್ರೋ, ಬೆಣ್ಣೆ ಗುಂಡು!"

ರಸೆಲ್ ನಕ್ಕ. ಒಳ್ಳೇ ಹುಡುಗನೇ. ಮಾವ ನಕ್ಕ ಕಡೆ ನಗ್ತಾನೆ, ಅಷ್ಟೇ.

ನೆನೆಸಿದ ಹಳೇ ಫೋನ್ ಡೈರೆಕ್ಟರಿಗಳನ್ನ ಒಟ್ಟಿ ಅದಕ್ಕೂ ಹೊಡೆದು ನೋಡಿದೆ. ಆರ್ವಿಡ್‌ನದು ಎಲ್ಲಾ ಪುಸ್ತಕ ತೂರಿ, ಹಿಂದಿನ ಮಣ್ಣಲ್ಲಿ ಹೋದ ಆಕಾರದಲ್ಲೇ ಸಿಕ್ತು. ಒಂಚೂರೂ ಬಾಗಿರಲಿಲ್ಲ. ನನ್ನದು ಅರ್ಧಕ್ಕೇ ನಿಂತು ಅಣಬೆಯ ಹಾಗೆ ಅರಳಿತ್ತು. ಓನ್ನಿ ಅದನ್ನ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಓನ್ನಿ ಏನಾದ್ರೂ ಅಂದದ್ದು ನಾನು ಕೇಳೇ ಇಲ್ಲ.

ಆಮೇಲೆ ಮಂಚದ ಮಾತು ಬಂತು. ಬರಲೇಬೇಕಲ್ಲ. ಮಾರ್ಚಿನಲ್ಲಿ ಸುಲೋನ ಮಣ್ಣು ಮಾಡಿ ಬಂದ ದಿನವೇ, ಕಾಫಿ ಕುಡೀತಾ ಕೇಳಿದ್ದ ಈ ಪುಣ್ಯಾತ್ಮ ಆರ್ವಿಡ್ — ಕ್ಯಾಂಪಿನಲ್ಲಿ ಒಂದು ಮಂಚ ಖಾಲಿ ಬಿತ್ತಲ್ಲ ಅಂತ. ರಸೆಲ್‌ಗೆ ಬೇಕಂತೆ. ಮರದ ದಿಮ್ಮಿ ಪೇರಿಸಿ ಕಟ್ಟಿದ ಆ ಕ್ಯಾಂಪು ಮನೆಯ ಒಂದೊಂದು ದಿಮ್ಮಿಗೂ ಸುಲೋನ ಕೊಡಲಿ ಬಿದ್ದಿದೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ದು ಒಂದೇ ಮಾತು, "ಮಂಚ ಬಿಡಬೇಡ."

"ಹೆಂಗಸರು ಕ್ಯಾಂಪಿನಲ್ಲಿ ಮಲಗಿದ್ದಿಲ್ಲ," ಅಂದ ಆರ್ವಿಡ್.

"ಮನೆ ಹಿಂದಿನ ಸೇಬಿನ ತೋಪಲ್ಲಿ ವರ್ಷಕ್ಕೊಂದು ಜಿಂಕೆ ಹೊಡೀತೀನಿ. ನಿನ್ನ ಅಳಿಯ ಇಲ್ಲೀವರೆಗೆ ಎಷ್ಟು ಹೊಡೆದ?"

ರಸೆಲ್ ಬೂಟು ನೋಡ್ಕೊಂಡ.

"ಸರಿ ಬಾ. ಹೊಡೆದ್ರೆ ಮಂಚ ನಿಂದು. ಗುರಿ ತಪ್ಪಿದ್ರೆ ಅಂಗಿ ಬಾಲ ಕತ್ತರಿಸಿ ಗೋಡೆಗೆ ಹೊಡೀತೀವಿ, ಮಂಚನೂ ಹೋಗುತ್ತೆ."

ಒಪ್ಕೊಂಡೆ.

ಅಕ್ಟೋಬರ್ 29

ಇಡೀ ವಾರ ಮನಸ್ಸು ತೂಗುಯ್ಯಾಲೆ. ಆರ್ವಿಡ್ ಒಂದು ಡಬ್ಬಿ ತನ್ನ ಗುಂಡು ಕಳಿಸಿದಾನೆ, ಜೊತೆಗೊಂದು ಚೀಟಿ. "ಕ್ಯಾಂಪಿನವರೆಲ್ಲಾ ಇದನ್ನೇ ಹಾಕೋದು." ಟೇಬಲ್ ಮೇಲೆ ಎರಡೂ ಡಬ್ಬಿ ಇಟ್ಕೊಂಡು ಕೂತೆ. ಅವನ ಗುಂಡು ನೆಲಕ್ಕೆ ಬಿಟ್ರೆ ಟಣ್ ಅನ್ನುತ್ತೆ. ನನ್ನದು ದೊಪ್ ಅನ್ನುತ್ತೆ.

ಅವನದು ಹಾಕಿದ್ರೆ ಗುರಿ ತಪ್ಪಲ್ಲ. ಆದ್ರೆ ಸೂಜಿ ಹೊಕ್ಕ ಹಾಗೆ ಹೊಕ್ಕು ಹೋಗುತ್ತೆ, ಜಿಂಕೆ ಊರಾಚೆ ಓಡಿ ಪೊದೆಯಲ್ಲಿ ಸಾಯುತ್ತೆ. ಕಾಗೆಗೆ ಹಬ್ಬ. ಸುಲೋ ಬೈತಿದ್ದ, "ಕಾಗದ ತಿನ್ನೋದಿದ್ರೆ ಗಟ್ಟಿ ಗುಂಡು ಹಾಕು. ಮಾಂಸ ತಿನ್ನೋದಿದ್ರೆ ಮೆತ್ತಗಿನದು ಹಾಕು, ಹತ್ರ ಬರೋವರೆಗೂ ಕಾಯಿ."

ಮದ್ದು ಸ್ವಲ್ಪ ಕಮ್ಮಿ ಮಾಡಿದೆ. ವೇಗ ಜಾಸ್ತಿಯಾದ್ರೆ ಮೆತ್ತಗಿನ ಸೀಸ ನಳಿಗೆಗೇ ಮೆತ್ತಿಕೊಳ್ಳುತ್ತೆ, ಅದಕ್ಕೇ ಅವತ್ತು ಚೆಲ್ಲಿದ್ದು. ಜೇನುಮೇಣ ಜಾಸ್ತಿ ಹಚ್ಚಿದೆ. ಸಂಜೆ ತೋಪಲ್ಲಿ ಹೊಡೆದು ನೋಡಿದೆ. ಈಗ ಕಾಫಿ ಲೋಟದ ಬಾಯಿಯಷ್ಟೇ ಅಗಲ. ಸಾಕು.

ಆರ್ವಿಡ್‌ನ ಡಬ್ಬಿ ವಾಪಸ್ ಕಳಿಸಿದೆ. ಮೇಲೆ ಥ್ಯಾಂಕ್ಸ್ ಅಂತ ಬರೆದೆ. ಬರೀಬಾರದಿತ್ತು.

ನವೆಂಬರ್ 14, ಕ್ಯಾಂಪು

ಸುಲೋನ ಮಂಚದ ಮೇಲೆ ಕೂತು ಬರೀತಿದೀನಿ. ತಲೆ ಕಡೆ ದಿಮ್ಮೀಲಿ ಅವನು ಕೆತ್ತಿದ ಅಕ್ಷರ ಇದೆ. ಕೈ ಆಡಿಸಿದೆ.

ಎದುರು ಗೋಡೆ ತುಂಬಾ ಅಂಗಿ ಬಾಲಗಳು. ಗುರಿ ತಪ್ಪಿದವರ ಅಂಗಿಯ ಹಿಂದಿನ ತುದಿ ಕತ್ತರಿಸಿ, ಹೆಸರು ಬರೆದು ಮೊಳೆ ಹೊಡೆಯೋದು. ಆರ್ವಿಡ್‌ದು ನಾಲ್ಕಿವೆ. ಸುಲೋನದು ಒಂದೂ ಇಲ್ಲ. ಇಷ್ಟು ವರ್ಷದಲ್ಲಿ ಒಂದೂ ಇಲ್ಲ. ಅದು ಆರ್ವಿಡ್‌ಗೆ ಎಷ್ಟು ಉರೀತಿತ್ತು ಅಂತ ನನಗೆ ಗೊತ್ತು.

ಸುಲೋನ ಕೆಂಪು ಚೌಕಳಿ ಅಂಗಿ ತಂದಿದೀನಿ. ನಾಳೆ ಅದೇ. ಮಿಶಿಗನ್ನಿನ ಈ ಮೇಲ್ತುದಿಯಲ್ಲಿ ಜಿಂಕೆ ಬೇಟೆ ಶುರುವಾಗೋ ದಿನ ಅಂದ್ರೆ ಹಬ್ಬ, ನಾಳೆ ಶಾಲೆಗೂ ರಜ. ಹಿಮ ಬೀಳೋ ಹಾಗಿದೆ.

ನವೆಂಬರ್ 15, ರಾತ್ರಿ

ಕೋಟೂ ಬಿಚ್ಚದೆ ಬರೀತಿದೀನಿ.

ಬೆಳಗಾಗೋ ಮುಂಚೆ ಸುಲೋ ಕೂರ್ತಿದ್ದ ಜಾಗಕ್ಕೆ ಹೋದೆ, ಸೀಡರ್ ಮರಗಳ ಅಂಚಿಗೆ. ದಪ್ಪ ಹಿಮ ಸುರೀತಿತ್ತು. ದಿಣ್ಣೆಯಾಚೆ ರಸೆಲ್‌ನ ಬಂದೂಕು ಎರಡು ಸಲ ಕೇಳಿಸ್ತು. ಸ್ವಲ್ಪ ಹೊತ್ತಿಗೆ ಒಂದು ಗಂಡು ಜಿಂಕೆ ದಿಣ್ಣೆ ಇಳಿದು ನನ್ನ ಕಡೆ ಬಂತು. ಮೈಮೇಲೆ ಒಂದು ಗೀರಿಲ್ಲ, ಕುಂಟ್ತಿಲ್ಲ. ನಿಂತು ಹಿಂದೆ ನೋಡ್ತು. ಭುಜದ ಹಿಂದೆ ಗುರಿಯಿಟ್ಟು ಹೊಡೆದೆ. ಬಾಲ ಮುದುರಿಕೊಂಡು ಎಗರಿತು, ಬಂದ ದಾರೀಲೇ ದಿಣ್ಣೆ ಹತ್ತಿ ಆಚೆ ಹೋಯ್ತು. ಆಮೇಲೆ ಕೊಂಬೆ ಮುರಿದು ಬಿದ್ದ ಸದ್ದು. ಗುರಿ ತಪ್ಪಿಲ್ಲ. ನನಗೆ ಗೊತ್ತು.

ಹಿಂದೇನೇ ಓಡಬಾರದು. ಪೆಟ್ಟು ಬಿದ್ದ ಪ್ರಾಣೀನ ಅಟ್ಟಬಾರದು, ಅದರ ಪಾಡಿಗೆ ಮಲಗೋಕೆ ಬಿಡಬೇಕು. ಸುಲೋ ಹೇಳಿಕೊಟ್ಟದ್ದು. ಕೂತು ಥರ್ಮಸ್‌ನಿಂದ ಕಾಫಿ ಕುಡಿದೆ. ಏಲಕ್ಕಿ ಬ್ರೆಡ್ಡು ತಿಂದೆ. ನಾನು ಬ್ರೆಡ್ಡು ತಿಂತಿದ್ದಾಗ ಹಿಮ ಹೆಜ್ಜೆನೂ ಮುಚ್ಚಿತು, ರಕ್ತಾನೂ ಮುಚ್ಚಿತು.

ದಿಣ್ಣೆ ದಾಟಿದ್ರೆ ಅಲ್ಲಿ ಆರ್ವಿಡ್. ಮೊಣಕೈವರೆಗೂ ಕೆಂಪು. ಹೊಟ್ಟೆ ಸೀಳಿ ಎಲ್ಲಾ ಹೊರಗೆ ಹಾಕಿಯಾಗಿತ್ತು, ಹಬೆ ಏಳ್ತಿತ್ತು. ಪಕ್ಕದಲ್ಲಿ ರಸೆಲ್ ಹಲ್ಲು ಬಿಟ್ಕೊಂಡು ನಿಂತಿದ್ದ.

"ನಂದು," ಅಂದೆ.

"ರಸೆಲ್‌ದು," ಅಂದ ಆರ್ವಿಡ್. "ಎರಡನೇ ಗುಂಡು ತಗುಲಿದೆ. ಬಿದ್ದಿರೋದು ಒಂದೇ ಗುಂಡು. ಈ ಕಡೆ ಹೊಕ್ಕು ಆ ಕಡೆ ಹೋಗಿದೆ, ಹೊರಟ ತೂತು ನಾನು ಸೀಳಿದ ಜಾಗದಲ್ಲೇ ಸೇರಿಹೋಯ್ತು. ನಿನ್ನ ಬೆಣ್ಣೆ ಗುಂಡು ಆ ಕಡೆ ದಾಟುತ್ತಾ? ನೀನೇ ಹೇಳು."

ದಾಟಲ್ಲ. ನನ್ನ ಗುಂಡು ಒಳಗೇ ಇರಬೇಕು. ಕರುಳ ರಾಶೀಲಿ ಕೈ ಹಾಕಿ ಹುಡುಕಿದೆ. ಒಂದೊಂದೂ ಹಿಚುಕಿ ಹಿಚುಕಿ. ಇರಲಿಲ್ಲ. "ಸಾಕು ಬಿಡು ಸೈಮಾ, ನೋಡೋಕಾಗಲ್ಲ," ಅಂದ. ಆ ಮಾತಲ್ಲಿ ಕನಿಕರ ಬೇರೆ.

ಊಟಕ್ಕೆ ಮುಂಚೆ ಅಂಗಿ ಬಾಲ. ನಾನು ಬೇಡಿಕೊಂಡೆ. ಹೌದು, ಬೇಡಿಕೊಂಡೆ, ನಾಚಿಕೆಗೇಡು. "ಇದು ಸುಲೋನ ಅಂಗಿ. ಬೇರೆ ಹಾಕ್ಕೊಂಡು ಬರ್ತೀನಿ, ಅದನ್ನ ಕತ್ತರಿಸು."

"ಮೈಮೇಲಿರೋದೇ ಕತ್ತರಿಸಬೇಕು. ರೂಲು ಮಾಡಿದ್ದೇ ಸುಲೋ."

ಜಿಂಕೆ ಸೀಳಿದ ಚಾಕು. ಚರ್ರ್ ಅಂತ ಒಂದೇ ಎಳೆತ. ಓನ್ನಿ ಲೋಟದೊಳಗೇ ನೋಡ್ತಿದ್ದ. ಆರ್ವಿಡ್ ಮೊಳೆ ಹೊಡೆದ, ತನ್ನ ನಾಲ್ಕರ ಪಕ್ಕದಲ್ಲೇ. ಕೊನೆಗೂ ತಮ್ಮನ ಬಟ್ಟೆ ಗೋಡೆಗೇರಿಸಿದ.

ರಾತ್ರಿ ಉಳೀಲಿಲ್ಲ. ಹಿಮದಲ್ಲೇ ಗಾಡಿ ಓಡಿಸ್ಕೊಂಡು ಬಂದೆ.

ನವೆಂಬರ್ 16

ಏನೂ ಇಲ್ಲ. ಮಕ್ಕಳಿಗೆ ಸೂಪು.

ನವೆಂಬರ್ 19, ಮಧ್ಯಾಹ್ನ

ಲೆಂಪಿ ಬಂದಿದ್ಲು. ನನ್ನ ಓರಗಿತ್ತಿ, ಆರ್ವಿಡ್‌ನ ಹೆಂಡತಿ. ಕೈಯಲ್ಲಿ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪೇಸ್ಟಿ ಕಡುಬಿನ ತಟ್ಟೆ. ಕೋಟು ಬಿಚ್ಚಲಿಲ್ಲ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಕರ್ಚೀಫು ಬಿಚ್ಚಿ ಟೇಬಲ್ ಮೇಲೆ ಏನೋ ಇಟ್ಟಳು.

ಗುಂಡು. ಅಣಬೆಯ ಹಾಗೆ ಅರಳಿದ ಗುಂಡು.

"ಅವನ ಬೇಟೆ ಪ್ಯಾಂಟು ಒಗೆಯೋಕೆ ಹಾಕಿದ್ದೆ," ಅಂದ್ಲು. "ಮೆಷಿನ್ನಿನಲ್ಲಿ ದಬ ದಬ ಅಂತಿತ್ತು. ನಿಲ್ಲಿಸಿ ನೋಡಿದೆ. ನಮ್ಮನೆ ಗುಂಡು ಹೀಗೆ ಅರಳಲ್ಲ, ಸೈಮಾ. ನಾನು ಇಷ್ಟು ವರ್ಷ ನೋಡಿಲ್ವಾ?"

ತಿರುಗಿಸಿ ನೋಡಿದೆ. ಬುಡದಲ್ಲಿ ಮಚ್ಚೆ. ಆ ಕಡೆ ಚರ್ಮದಡಿ ನಿಂತಿದ್ದನ್ನ ಚಾಕುವಿನಲ್ಲಿ ತೆಗೆದು ಜೇಬಿಗೆ ಹಾಕ್ಕೊಂಡಿದಾನೆ. ನಾನು ಕರುಳಲ್ಲಿ ಕೈ ಹಾಕಿ ತಡಕಾಡ್ತಿದ್ದಾಗ ಅದು ಅವನ ಜೇಬಲ್ಲಿತ್ತು. ನೋಡ್ತಾ ನಿಂತಿದ್ದ. ಅವನ ವಂಶ ಹಾಳಾಗ... ಬೇಡ, ಅದೇ ವಂಶದಲ್ಲೇ ಸುಲೋ ಹುಟ್ಟಿದ್ದು.

"ಮಂಚ ನಿನ್ನ ಅಳಿಯನಿಗೆ ತಾನೇ ಸಿಕ್ಕಿದ್ದು? ಇದನ್ನ ಯಾಕೆ ತಂದುಕೊಟ್ಟೆ?" ಅಂದೆ.

"ಮನೇಲಿಟ್ಟುಕೊಂಡು ಊಟ ಇಳೀಲಿಲ್ಲ. ಆದ್ರೆ ಸೈಮಾ, ನಾನು ಕೊಟ್ಟೆ ಅಂತ ಮಾತ್ರ ಹೇಳಬೇಡ. ಆ ಮನುಷ್ಯನ ಜೊತೆ ಒಂದೇ ಸೂರಿನಡಿ ಬದುಕಬೇಕು ನಾನು."

ಹೋದ್ಲು. ಪೇಸ್ಟಿ ಆರಿ ಕಲ್ಲಾಯ್ತು.

ಇದನ್ನ ಯಾರಿಗೆ ತೋರಿಸಿದ್ರೂ ಮೊದಲ ಪ್ರಶ್ನೆ, ಎಲ್ಲಿ ಸಿಕ್ತು? ಅವನ ಪ್ಯಾಂಟು ಒಗೆಯೋಳು ಒಬ್ಬಳೇ. ಒಳ್ಳೇ ಸಾಕ್ಷಿ ಸಿಕ್ತು ನನಗೆ. ನುಂಗೋ ಹಾಗಿಲ್ಲ, ಉಗಿಯೋ ಹಾಗಿಲ್ಲ.

ನವೆಂಬರ್ 26

ನಾಳೆ ಕ್ಯಾಂಪಿನಲ್ಲಿ ಮಧ್ಯಾಹ್ನದ ಊಟ, ವರ್ಷಕ್ಕೊಮ್ಮೆ ಹೆಂಗಸರನ್ನೂ ಕರೆಯೋದು. ಆರ್ವಿಡ್ ಫೋನ್ ಮಾಡಿದ್ದ. "ಬರ್ತಾ ಸುಲೋನ ಹತ್ರ ಇದ್ದ ಕ್ಯಾಂಪಿನ ಕೀ ತಗೊಂಡು ಬಾ."

ಹೋಗ್ತೀನಿ. ಕೀ ಕೊಟ್ಟು ಬರ್ತೀನಿ. ಬಾಯಿ ಬಿಡಲ್ಲ, ಲೆಂಪಿಗೋಸ್ಕರ. ಗುಂಡು ಏಪ್ರನ್ ಜೇಬಲ್ಲಿರುತ್ತೆ, ಅಲ್ಲೇ ಇರಲಿ. ಸುಲೋ, ಕ್ಷಮಿಸು.

ನವೆಂಬರ್ 28, ಬೆಳಿಗ್ಗೆ

ನಿನ್ನೆಯದನ್ನ ಬೇಗ ಬರೆದಿಡಬೇಕು.

ಎಲ್ಲರೂ ಕೂತಿದ್ವಿ. ಜಿಂಕೆ ಮಾಂಸ, ಆಲೂಗಡ್ಡೆ. ನನ್ನ ಜಿಂಕೆ. ನಾನೂ ಬಡಿಸ್ಕೊಂಡೆ, ತಿಂದೆ. ರುಚಿಯಾಗೇ ಇತ್ತು, ಅದೇ ಸಂಕಟ. ಸುಲೋನ ಮಂಚದ ಮೇಲೆ ರಸೆಲ್‌ನ ಹಾಸಿಗೆ ಚೀಲ. ಕೀ ಟೇಬಲ್ ಮೇಲಿಟ್ಟೆ.

ಆರ್ವಿಡ್ ಬೇಟೆಯ ಕತೆ ಶುರು ಮಾಡಿದ. ಪ್ರತಿ ವರ್ಷದ ಹಾಗೆ, ಕೈಕಾಲು ಆಡಿಸ್ಕೊಂಡು. "ಇವಳೋ ಬೆಣ್ಣೆ ಗುಂಡು ತಂದಿದ್ಲು! ನಮ್ಮ ರಸೆಲ್ ಹಾಕಿದ ನೋಡಿ ಗಟ್ಟಿ ಗುಂಡು — ಈ ಕಡೆ ಹೊಕ್ತು, ಆ ಕಡೆ ಹೊರಟೋಯ್ತು!"

ಎಲ್ಲರೂ ನಕ್ಕರು. ನಾನು ತಟ್ಟೆ ನೋಡ್ತಿದ್ದೆ. ಲೆಂಪಿ ಕಾಫಿ ಬಗ್ಗಿಸ್ತಾ ಅವನ ಹಿಂದೆ ಬಂದು ನಿಂತಳು.

"ಆ ಕಡೆ ಅಂದ್ರೆ ಯಾವ ಕಡೆ, ಆರ್ವಿಡ್?" ಅಂದ್ಲು. ಜೋರಾಗಿ ಅಲ್ಲ. "ನಿನ್ನ ಪ್ಯಾಂಟಿನ ಜೇಬಿನ ಕಡೆನಾ?"

ಆರ್ವಿಡ್ ಆಡಿಸ್ತಿದ್ದ ಕೈ ಕೆಳಗಿಳಿಸಿದ.

ನಾನು ಗುಂಡು ತೆಗೆದು ಟೇಬಲ್ ಮೇಲಿಟ್ಟೆ. ಓನ್ನಿ ಕನ್ನಡಕ ಹಾಕ್ಕೊಂಡ. ಬುಡ ನೋಡಿದ. ಉಗುರಲ್ಲಿ ಗೀರಿದ. "ಸುಲೋನ ಅಚ್ಚು," ಅಂದ. ಓನ್ನಿ ಬಾಯಿ ಬಿಟ್ಟದ್ದು ಅಷ್ಟೇ, ಆದ್ರೆ ಬಿಟ್ಟ. ರಸೆಲ್ ಕಿವಿಯವರೆಗೂ ಕೆಂಪಾಗಿ ಮಾವನ ಮುಖ ನೋಡಿದ. "ನಾನು ನಿಜವಾಗ್ಲೂ ನಂದೇ ಅಂದ್ಕೊಂಡಿದ್ದೆ," ಅಂದ. ಪಾಪ, ಹೌದು.

ಆರ್ವಿಡ್ ನನ್ನ ಕಡೆ ತಿರುಗಲೇ ಇಲ್ಲ. ಹೆಂಡತಿಗೆ ಹೇಳಿದ, "ಮನೇಲಿ ಮಾತಾಡೋಣ." ಆಮೇಲೆ ಕೀ ತಗೊಂಡು ಜೇಬಿಗೆ ಹಾಕ್ಕೊಂಡ. ಅದೇ ಜೇಬು! ಯಾರೂ ಬೇಡ ಅನ್ನಲಿಲ್ಲ. ರಸೆಲ್‌ನ ಚೀಲ ಮಂಚದ ಮೇಲೇ ಇತ್ತು. ನಿಜ ಎಲ್ಲರಿಗೂ ಗೊತ್ತಾಯ್ತು, ಆದ್ರೆ ಒಬ್ಬನೂ ಕುರ್ಚಿಯಿಂದ ಏಳಲಿಲ್ಲ. ಥೂ.

ನಾನೇ ಎದ್ದು ಮೊಳೆ ಕಿತ್ತೆ. ಬಟ್ಟೆ ತುಂಡು ಮಡಚಿಟ್ಟುಕೊಂಡೆ. ಲೆಂಪಿ ನನ್ನ ಗಾಡಿ ಹತ್ತಿದ್ಲು. ನಮ್ಮನೆ ಸೋಫಾ ಮೇಲೆ ಮಲಗಿದ್ಲು. ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

ಈಗ ಹೊರಗೆ ಆರ್ವಿಡ್‌ನ ಗಾಡಿ. ಹಾರ್ನ್ ಹೊಡೀತಿದಾನೆ. ಇಳಿದು ಬಾಗಿಲು ಬಡಿಯೋ ಯೋಗ್ಯತೆ ಇಲ್ಲ.

ಲೆಂಪಿ ಕೋಟು ಹಾಕ್ಕೊಂಡ್ಲು. "ಹೋಗಬೇಡ," ಅಂದೆ. "ಎಲ್ಲಿಗೆ ಹೋಗಲಿ ಮತ್ತೆ?" ಅಂದ್ಲು. ಬೂಟಿನ ದಾರ ಕಟ್ಟಿ ಎದ್ದು ಕೈ ಚಾಚಿದ್ಲು.

"ಆ ಗುಂಡು ಕೊಡು. ಇನ್ಮೇಲೆ ನನ್ನ ಜೇಬಲ್ಲಿರಲಿ."

ಕೊಟ್ಟೆ.

ಕಿಟಕಿ ಹತ್ರ ಕೂತು ಬರೀತಿದೀನಿ. ಮತ್ತೆ ಹಾರ್ನ್. ಅವಳು ಗಾಡಿ ಹತ್ತಿಲ್ಲ. ಗಾಡಿ ಮುಂದೆ ನಿಂತಿದಾಳೆ, ಹಿಮದಲ್ಲಿ, ಕೈ ಜೇಬಲ್ಲಿ. ಅವನು ಗಾಜು ಇಳಿಸ್ತಿದಾನೆ. ಅವಳು ಏನೋ ಹೇಳ್ತಿದಾಳೆ. ಅವನು ಇಳಿದ, ಅವಳ ಕಡೆಗೆ ನುಗ್ತಿದಾನೆ... ನನ್ನ ಕೋಟು ಎಲ್ಲಿ —