ಒಪ್ಪಿಸಿದ ಮೇಲೆ

ಜೇವರ್ಗಿ ಕಾಲೋನಿ, ಕಲಬುರಗಿ
೧೧ ಅಕ್ಟೋಬರ್ ೨೦೦೮

ಪ್ರೀತಿಯ ಬಂಡೆಮ್ಮಕ್ಕನಿಗೆ,

ನಿನಗೂ ಮಾವನಿಗೂ ತುಳಜಾಳ ಜೈಭೀಮ್. ಕಂಡಕ್ಟರ್ ಖಾಜಾನ ಕೈಯಲ್ಲಿ ನೀನು ಕಳಿಸಿದ ಕೆಂಪು ಬಾಳೆಹಣ್ಣು ತಿಂದು ಸಿಪ್ಪೆಯೂ ಒಣಗಿತು. ಉತ್ತರ ಮಾತ್ರ ಇವತ್ತು ಬರೆಯುತ್ತಿದ್ದೇನೆ. ಬೈಯಬೇಡ. ಫೋನ್ ಮಾಡೋಣವೆಂದರೆ ಎತ್ತುವವಳು ಸುಜಾತಾ. "ಚಿಗವ್ವ, ಸೂಟಿಗಿ ಯಾವಾಗ ಬರ್ತಿ?" ಅಂದರೆ ಫೋನ್ ಇಟ್ಟುಬಿಡುತ್ತೇನೆ.

"ಯಾಕ ಕಮಲಾಪುರಕ್ಕ ಬರವಲ್ಲಿ?" ಅಂತ ನೀನೂ ಕೇಳಿದ್ದೀ. ಕಾಲೇಜಿಗಾಗಿ ಹೊಸ ಕಂಪ್ಯೂಟರ್ ಭಾಷೆಯೊಂದನ್ನು ಕಲಿಯುತ್ತಿದ್ದೇನೆ. ಮುಂದಿನ ವರ್ಷ ನಾನೇ ಪಾಠ ಮಾಡಬೇಕು. ಎಂಥ ಹಟಮಾರಿ ಭಾಷೆ ಗೊತ್ತೇನು! ಪ್ರೋಗ್ರಾಂ ಎಲ್ಲಿಯೂ ತಪ್ಪುವುದಿಲ್ಲವೆಂದು ಮೊದಲೇ ಸಾಧಿಸಿ ತೋರಿಸಬೇಕು, ಇಲ್ಲದಿದ್ದರೆ ಓಡಿಸಲು ಒಪ್ಪುವುದೇ ಇಲ್ಲ. ಜೊತೆಗೆ ಕಲಿಯುವ ಫಕ್ರುದ್ದೀನ್ ಸರ್, "ಇದು ಭಾಷಾ ಅಲ್ರೀ ಮೇಡಂ, ಪೊಲೀಸ್ ಠಾಣಾ. ಮಾತಿಗೊಮ್ಮಿ ಸಬೂತು ಕೇಳ್ತದ" ಅನ್ನುತ್ತಾರೆ.

ಉಳಿದದ್ದೆಲ್ಲ ಹೇಗೋ ತಲೆಗೆ ಹೋಯಿತು. ಒಂದು ನಿಯಮ ಮಾತ್ರ ಹೋಗುತ್ತಿಲ್ಲ. ಮೆಮೊರಿಯ ಒಂದು ತುಣುಕನ್ನು ಪ್ರೋಗ್ರಾಮಿನ ಬೇರೆ ಭಾಗಕ್ಕೆ ಪೂರಾ ಒಪ್ಪಿಸಿಬಿಟ್ಟರೆ, ಒಪ್ಪಿಸಿದವರು ಆಮೇಲೆ ಅದನ್ನು ಮುಟ್ಟುವಂತಿಲ್ಲ, ಇಣುಕಿ ನೋಡುವಂತೆಯೂ ಇಲ್ಲ. ನಾನೋ, ಒಪ್ಪಿಸಿದ ಮುಂದಿನ ಸಾಲಿನಲ್ಲೇ ಕೈ ಹಾಕಿರುತ್ತೇನೆ. ಮೊನ್ನೆ ಫಕ್ರುದ್ದೀನ್ ಸರ್, "ಕೊಟ್ಟ ಮ್ಯಾಲ ಬಿಟ್ಟುಬಿಡ್ರಿ ಮೇಡಂ, ಮತ್ತ ಮತ್ತ ಯಾಕ ಕೈ ಹಾಕ್ತೀರಿ?" ಅಂದರು. ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿ ಬಂತು. ಕಣ್ಣುರಿ ಅಂತ ಹೇಳಿ ಎದ್ದು ಹೊರಗೆ ಹೋದೆ.

ಸುಜಾತಾಳನ್ನು ಹೆತ್ತು, ಬಾಣಂತನ ಮುಗಿಯುತ್ತಲೇ ನಿನ್ನ ಉಡಿಗೆ ಹಾಕಿದವಳು ನಾನೇ ಅಕ್ಕ. ಯಾರೂ ಒತ್ತಾಯ ಮಾಡಲಿಲ್ಲ. ಮಕ್ಕಳಿಲ್ಲವೆಂದು ಜನ ನಿನಗೆ ಆಡುವ ಮಾತು ಕೇಳಲಾಗಲಿಲ್ಲ. ನಮಗೆ ಇನ್ನೊಂದು ಆದೀತೆಂಬ ಧೈರ್ಯವೂ ಇತ್ತು. ಆಗಲಿಲ್ಲ. ಅವಳಿಗೆ ನೀನೇ ಅವ್ವ. ಬೇರೇನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಾನು ಮರಳಿ ಕೇಳುವವಳಲ್ಲ.

ನಮ್ಮ ಮನೆಯವರು ಆರಾಮಿದ್ದಾರೆ. ಜಗತ್ ಸರ್ಕಲ್ಲಿನ ಅಂಗಡಿಯಿಂದ ಸುಜಾತಾಳಿಗೊಂದು ಫ್ರಾಕು ತಂದಿದ್ದಾರೆ. ಅಳತೆ ಗೊತ್ತಿಲ್ಲದೆ ದೊಡ್ಡದನ್ನೇ ತಂದರು, ಹೊಲಿಗೆ ಹಿಡಿಸಿ ಹಾಕು. ನಿನ್ನ ಮೊಣಕಾಲು ನೋವು ಬೇಗ ವಾಸಿಯಾಗಲಿ. ಸುಜಾತಾ ನಿನ್ನ ನೆರಳಿನಲ್ಲಿ ನಗುನಗುತ್ತ ಬೆಳೆಯಲಿ.

ನಿನ್ನ ತಂಗಿ,
ತುಳಜಾಬಾಯಿ

ತಾ.ಕ.: ಕಲಿಕೆಯದು ಬರಿ ನೆಪ ಅಕ್ಕ. ಹೋದ ಸಲ ಕಮಲಾಪುರ ಬಸ್‌ಸ್ಟ್ಯಾಂಡಿನಲ್ಲಿ, ಮಾವ ನನ್ನ ಚೀಲ ಹತ್ತಿಸುವಾಗ, ಸುಜಾತಾ ಸೆರಗು ಹಿಡಿದು, "ಚಿಗವ್ವ, ನಿನಗ ಮಕ್ಕಳೇ ಇಲ್ಲೇನು?" ಅಂತ ಕೇಳಿದಳು. ಇಲ್ಲ ಅಂದೆ. "ಪಾಪ" ಅಂತ ನನ್ನ ಗಲ್ಲ ಸವರಿದಳು. ಇನ್ನೊಮ್ಮೆ ಕೇಳಿದರೆ ಇಲ್ಲ ಅನ್ನುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರುತ್ತಿಲ್ಲ.