ಬಾಚಣಿಗೆ ಮೇಜಿನ ಮೇಲಿದೆ

ರೀ,

ಡ್ಯೂಟಿಗೆ ಹೊರಟೆ. ಮಗಳಿಗೆ ಸ್ತನದ ಆಪರೇಷನ್ ಆಗಿ ಒಂಬತ್ತು ದಿನ ಆಯ್ತು, ನೀವಿನ್ನೂ ಅವಳ ರೂಮಿನ ಹೊಸ್ತಿಲು ತುಳಿದಿಲ್ಲ. ಬಾಗಿಲಲ್ಲಿ ನಿಂತು ಕೆಮ್ಮಿದ್ರೆ ಸಾಲದು, ಒಳಗೆ ಹೋಗಿ. ಹನ್ನೊಂದಕ್ಕೆ ಮಾತ್ರೆ ಕೊಡಿ.

ಅವಳು ಕೈ ಮೇಲೆತ್ತೋ ಹಾಗಿಲ್ಲ, ಕೂದಲೆಲ್ಲ ಗಂಟುಗಂಟಾಗಿದೆ. ಊರವರ ತಲೆಯೆಲ್ಲ ನಿಮ್ಮ ಕ್ಷೌರದಂಗಡೀಲಿ ನೀಟಾಗುತ್ತೆ, ಮನೆ ಮಗಳದ್ದು ಹೀಗಾ? ನಾನು ಬಾಚ್ತೀನಿ ಅಂದ್ರೆ ಬೇಡ ಅಂತಾಳೆ. "ಅಪ್ಪ ಬಾಚ್ಲಿ" ಅಂದ್ಲು.

ಗಂಡುಮಗನಿಗೆ ಇಷ್ಟುದ್ದ ಕೂದಲು ಯಾಕೆ ಅಂತ, ಹತ್ತನೇ ವಯಸ್ಸಲ್ಲಿ ಇವಳನ್ನೇ ಅಂಗಡಿ ಕುರ್ಚೀಲಿ ಒತ್ತಿ ಕೂರಿಸಿ ತಲೆ ಬೋಳಿಸಿದ್ರಲ್ಲ, ಅದೇ ಕೈಯಲ್ಲಿ ಇವತ್ತು ಜಡೆ ಹಾಕಿ. ಎಳೀಬೇಡಿ, ತುದಿಯಿಂದ ಬಿಡಿಸ್ತಾ ಬನ್ನಿ.

ಬಾಚಣಿಗೆ ಮೇಜಿನ ಮೇಲಿದೆ. ಕತ್ತರಿ, ಮಿಷನ್ ಎರಡೂ ನನ್ನ ಬ್ಯಾಗಲ್ಲಿವೆ.