ಸ್ಟಾಕ್ ಇಲ್ಲವೆಂದ ಮೂರು ಸಲ

ಆಯಿ,

ನಿನ್ನ ಮೊಮ್ಮಗಳು ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತೋ ಏನೋ.

ಸೊಂಟ ಮುರಿದುಕೊಂಡು ನೀನು ಯಾದಗಿರಿ ಆಸ್ಪತ್ರೆಯಿಂದ ಶಹಾಪುರದ ಮನೆಗೆ ಬಂದ ದಿನ ನೆನಪಿದೆಯೇ? ಎರಡೇ ಡೈಪರ್ ಉಳಿದಿದ್ದ ಪ್ಯಾಕೆಟ್ಟನ್ನು ನರ್ಸಮ್ಮ ಕೊಟ್ಟು ಕಳಿಸಿದ್ದಳು. ಜನ್ಮವಿಡೀ ಕೌದಿ ಹೊಲಿದವಳು ನೀನು, ಒಳಗೇನಿದೆ ಎಂದು ನೋಡದೆ ಬಿಡುತ್ತೀಯಾ? ಮಲಗಿದಲ್ಲೇ ಕತ್ತರಿ ತರಿಸಿ ಒಂದನ್ನು ಸೀಳಿದೆ. ಒಳಗೆ ತೆಳ್ಳಗಿನ, ಬಿಳಿಯ, ಮೆತ್ತನೆಯ ಪದರ. ಅದರ ಮೇಲೆ ಒಂದು ಲೋಟ ನೀರು ಸುರಿಸಿ ನೀನು ಅಂಗೈಯಿಂದ ಒತ್ತಿದರೆ ಕೈಗೆ ತೇವವೇ ಹತ್ತಲಿಲ್ಲ.

"ನೀರು ಎಲ್ಲಿ ಹೋತು? ಹತ್ತಿ ಅಲ್ಲ, ಗಾದಿ ಸ್ಪಂಜೂ ಅಲ್ಲ. ಏನಂತಾರ ಇದಕ್ಕ? ಬಿ.ಎ. ಓದೀದಿ, ಹೇಳು."

ಪ್ಯಾಕೆಟ್ಟಿನ ಮೇಲೆ ಫೋಮ್ ಎಂದಿತ್ತು. ನಾನು ನೊರೆ ಎಂದೆ.

"ನೊರಿ ಆದ್ರ ಒಡದು ಹೋಗತಾದ. ಇದು ನೀರು ಕುಡದು ಸುಮ್ಮ ಕುಂತದ. ನಿನಗಿಂತ ಶಾಣ್ಯಾ ಅದ."

ಇನ್ನೊಂದನ್ನು ಹಾಕಿಕೊಂಡ ದಿನ ನಿನ್ನ ಹಾಸಿಗೆ ಒಣಗಿಯೇ ಇತ್ತು. ಇಂಥಾವೇ ತಗೊಂಡು ಬಾ ಎಂದು ನೀನು ನನ್ನನ್ನು ಕಳಿಸಿದೆ.

ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್‌ನಲ್ಲಿ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಹುಡುಗ ನಿಂತಿದ್ದ. ಹಿಂದಿನ ಕಪಾಟಿನಲ್ಲಿ ಅವೇ ಪ್ಯಾಕೆಟ್ಟುಗಳು ಕಾಣುತ್ತಿದ್ದವು. "ಏನ್ ಬೇಕ್ರಿ?" ಎಂದ. ನನ್ನ ಬಾಯಿಂದ ಬಂದದ್ದು ಕೆಮ್ಮಿನ ಗುಳಿಗೆ. ಮನೆಗೆ ಬಂದು ನಿನಗೆ ಸ್ಟಾಕ್ ಇಲ್ಲವೆಂದೆ. ಹಾಗೆ ಮೂರು ಸಲ. ನನ್ನ ಪ್ಯಾಡನ್ನೇ ಪೇಪರಿನಲ್ಲಿ ಸುತ್ತಿಸಿಕೊಂಡು ತರುವವಳು ನಾನು. ಅಷ್ಟು ದೊಡ್ಡ ಪ್ಯಾಕೆಟ್ ಹಿಡಿದು ಆ ಬಜಾರಿನಲ್ಲಿ...

ಮೂರನೆಯ ಸಲ ನೀನು ನನ್ನ ಮುಖವನ್ನೇ ನೋಡಿದೆ. "ಭಾಳ ಕೆಮ್ಮು ಆಗ್ಯಾದೇನವಾ? ಬರೀ ಗುಳಿಗಿ ತರಾಕತ್ತೀದಿ, ಕೆಮ್ಮಿದ್ದು ಮಾತ್ರ ಕೇಳವಲ್ದು." ಆಮೇಲೆ ನೀನೇ ನಕ್ಕುಬಿಟ್ಟೆ. ನಿನಗೆ ಗೊತ್ತಾಗಿತ್ತೇ?

ಮರುದಿನದಿಂದ ನೀನು ನೀರು ಕಡಿಮೆ ಮಾಡಿದೆ. ಲೋಟ ಹಿಡಿದರೆ "ನೀರಡಿಕಿ ಇಲ್ಲ" ಎಂದು ಮುಖ ತಿರುಗಿಸುತ್ತಿದ್ದೆ. ನಿನ್ನ ಒಣಗಿದ ತುಟಿ ನನಗೆ ಕಾಣುತ್ತಿತ್ತು, ಕಾರಣವೂ ಗೊತ್ತಿತ್ತು. ಆದರೂ ನಾನು ಲೋಟವನ್ನು ಒಳಗೆ ಒಯ್ದೆ. ನಿನ್ನ ಕೆಳಗೆ ಹಾಸುವ ಅರಿವೆ ಒಗೆಯುವುದು ಕಡಿಮೆಯಾಯಿತೆಂದು ಸಮಾಧಾನವೂ ಆಗಿತ್ತು. ಇದೊಂದನ್ನು ಹೇಳಲಿಕ್ಕೇ ಈ ಪತ್ರ. ನಿನ್ನ ಕೊನೆಯ ಜ್ವರಕ್ಕೂ ಇದಕ್ಕೂ ಸಂಬಂಧವಿತ್ತೇ? ಡಾಕ್ಟರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೋದ ವಾರ ಎದುರುಮನೆಯ ನಿನ್ನ ಗೆಳತಿ ಖಾಜಾಬಿ ಜಾರಿಬಿದ್ದು ಹಾಸಿಗೆ ಹಿಡಿದಿದ್ದಾರೆ. ಅದೇ ಅಂಗಡಿಗೆ ಹೋಗಿ, "ದೊಡ್ಡವರ ಡೈಪರ್ ಕೊಡ್ರಿ" ಎಂದೆ. ಅವನು ತಲೆಯನ್ನೂ ಎತ್ತಲಿಲ್ಲ. "ಸೊಂಟದ ಅಳತಿ ಎಷ್ಟರಿ?" ಎಂದ. ಅಷ್ಟೇ ಇತ್ತು, ಆಯಿ.

ಪ್ಯಾಕೆಟ್ ನೋಡಿ ಖಾಜಾಬಿಗೆ ಆಶ್ಚರ್ಯ. "ಎಲ್ಲಿ ಸಿಕ್ತು ಬೇಟಿ? ಶಹಾಪುರದಾಗ ಸಿಗಂಗಿಲ್ಲ ಅಂತಿದ್ಲು ನಿಮ್ಮ ಆಯಿ. 'ನಮ್ಮ ಹುಡುಗಿ ಪಾಪ, ನನ್ನ ಸಲುವಾಗಿ ಊರೆಲ್ಲಾ ತಿರುಗ್ಯಾಳ' ಅಂತಿದ್ಲು."

ಪ್ಯಾಕೆಟ್ಟನ್ನು ಅವರ ಮಂಚದ ಮೇಲಿಟ್ಟೆ.

"ಇಲ್ಲೇ ಸಿಗತಾವ್ರಿ," ಎಂದೆ. "ನಾನು ಕೇಳಿದ್ದಿಲ್ಲ."